ರಾಣಿಯ ಗುಡ್ಡದಿಂದ ತಂದ ಕಲ್ಲು

ನನ್ನ ಮಗಳನ್ನು ಕೊಂದದ್ದು ಕಲ್ಲಲ್ಲ, ಕೊರೊನಾ. ಮೊಮ್ಮಗಳನ್ನು ಹೆದರಿಸಿಟ್ಟದ್ದೂ ಕಲ್ಲಲ್ಲ, ನಾನು. ಮೊದಲನೆಯದು ನನಗೆ ಆವತ್ತೇ ಗೊತ್ತಿತ್ತು. ಎರಡನೆಯದು ತಿಳಿಯಲು ಮೂರೂವರೆ ವರ್ಷ ಹಿಡಿಯಿತು. ಸ್ಯಾನ್ ಡಿಯಾಗೊದಲ್ಲಿರುವ ನನ್ನ ಬೀಗಿತ್ತಿ, ಅಂದರೆ ಅಳಿಯನ ತಾಯಿ, ಈಗಲೂ ಎಲ್ಲವನ್ನೂ ಕಲ್ಲಿನ ತಲೆಗೇ ಕಟ್ಟುತ್ತಾಳೆ. ಕಟ್ಟಲಿ. ಆಕೆಗೆ ಎಂಬತ್ತು ದಾಟಿದೆ. ಆ ವಯಸ್ಸಿಗೆ ಬೈಯಲು ಯಾರಾದರೂ ಬೇಕು, ಕಲ್ಲಾದರೆ ತಿರುಗಿ ಬೈಯುವುದಿಲ್ಲ.

ನಾವಿರುವುದು ಸ್ಯಾನ್ ಪೀಡ್ರೊದಲ್ಲಿ. ಮನೆ ಇಳಿಜಾರಿನಲ್ಲಿದೆ, ಅಡುಗೆಮನೆಯ ಕಿಟಕಿಯಿಂದ ಬಂದರಿನ ಕ್ರೇನುಗಳು ಕಾಣುತ್ತವೆ. ಮಗಳು ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕಂಟೇನರುಗಳ ಕಾಗದಪತ್ರ ನೋಡುತ್ತಿದ್ದಳು. ಅಳಿಯ ಲಾಂಗ್ ಬೀಚಿನಲ್ಲಿ ಕ್ರೇನ್ ರಿಪೇರಿ ಮಾಡುತ್ತಾನೆ. ಅವನು ಇಲ್ಲೇ ಹುಟ್ಟಿದವನು, ಆದರೆ ಅವನ ತಾಯಿ ಐರ್ಲೆಂಡಿನವಳು. ನಾನು ಮೈಸೂರಿನ ಕಲ್ಯಾಣ ಮಂಟಪಗಳಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವಳು. ಊರವರ ಮಕ್ಕಳ ಮದುವೆಗೆಲ್ಲ ಹೋಳಿಗೆ ತಟ್ಟಿದೆ, ನನ್ನ ಮಗಳ ಮದುವೆಯನ್ನು ಫೋನಿನಲ್ಲಿ ನೋಡಿದೆ. ಆಮೇಲೆ ಅವಳೇ ಅಪ್ಲೈ ಮಾಡಿ ಗ್ರೀನ್ ಕಾರ್ಡ್ ಕೊಡಿಸಿ ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಆಗ ಮೊಮ್ಮಗಳಿಗೆ ನಾಲ್ಕು ವರ್ಷ.

ಮದುವೆಯಾದ ವರ್ಷ ಅಳಿಯ ನನ್ನ ಮಗಳನ್ನು ತನ್ನ ತಾಯಿಯ ಊರಿಗೆ ಕರೆದುಕೊಂಡು ಹೋಗಿದ್ದ. ಐರ್ಲೆಂಡಿನ ಪಡುವಣ ಅಂಚು, ಸಮುದ್ರದ ಪಕ್ಕ ಒಂದು ಒಂಟಿ ಗುಡ್ಡ. ಅದನ್ನು ಹತ್ತಿ ಇಳಿದು ಬರುವಾಗ ಒಂದು ಕಲ್ಲನ್ನು ಜೇಬಿಗೆ ಹಾಕಿಕೊಂಡು ಬಂದಿದ್ದಳು. ಬೂದು ಬಣ್ಣ, ಅಂಗೈಯಲ್ಲಿ ಸರಿಯಾಗಿ ಕೂರುವ ಗಾತ್ರ, ಒಂದು ಪಕ್ಕದಲ್ಲಿ ಎರೆಹುಳ ಹರಿದ ಹಾಗೆ ಬಿಳಿ ಗೆರೆ. ಅದನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದಳು. ನಾನು ಬಂದ ಮೇಲೆ ಅದಕ್ಕೊಂದು ಕೆಲಸ ಕೊಟ್ಟೆ. ದೋಸೆ ಹಿಟ್ಟು ಉಕ್ಕಿ ಮುಚ್ಚಳ ಎತ್ತದ ಹಾಗೆ ಅದರ ಮೇಲೆ ಹೇರಿದೆ.

"ಅಮ್ಮ, ಅದು ಐರ್ಲೆಂಡಿಂದು. ಹಿಟ್ಟಿನ ಮೇಲೆಲ್ಲ ಇಡಬೇಡ" ಎಂದಳು.

"ಯಾಕೆ, ಐರ್ಲೆಂಡಿನ ಕಲ್ಲಿಗೆ ಭಾರ ಇಲ್ವೇನೇ?" ಎಂದೆ.

ನಕ್ಕಳು. ಅದು ಗೋರಿಯ ಮೇಲಿನ ಕಲ್ಲು ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಇಪ್ಪತ್ತೊಂದರ ಜನವರಿಯಲ್ಲಿ ದೊಡ್ಡವರು ಮೂವರಿಗೂ ಒಟ್ಟಿಗೆ ಕೊರೊನಾ ಬಂತು. ಎಪ್ಪತ್ತು ಹತ್ತಿರ ಬಂದಿದ್ದ ನನಗೆ ಮೂರು ದಿನ ಜ್ವರ, ನಾಲ್ಕನೆಯ ದಿನ ಎದ್ದು ಸಾರು ಮಾಡಿದೆ. ಅಳಿಯ ಆಸ್ಪತ್ರೆ ಸೇರಿದ. ಎರಡು ದಿನ ಬಿಟ್ಟು ಮಗಳೂ ಸೇರಿದಳು. ಅವಳಿಗೆ ಮೂವತ್ತೊಂಬತ್ತು. ಆಂಬ್ಯುಲೆನ್ಸಿಗೆ ಹತ್ತುವಾಗ ಫ್ರಿಜ್ಜಿನಲ್ಲಿರುವ ಹಾಲು ಹಳೆಯದು, ಮಗುವಿಗೆ ಕೊಡಬೇಡ ಎಂದಳು. ನನಗೆ ಅವಳು ಹೇಳಿದ ಕೊನೆಯ ಮಾತು ಅದು. ಒಂಬತ್ತನೆಯ ದಿನ ಬೆಳಿಗ್ಗೆ ಫೋನ್ ಬಂತು. ಮಗು ಪಕ್ಕದಲ್ಲೇ ಕೂತು ಇಡ್ಲಿ ತಿನ್ನುತ್ತಿತ್ತು. ನನಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲವೆಂದು ನರ್ಸು ಒಬ್ಬ ಹಿಂದಿಯವನನ್ನು ಲೈನಿಗೆ ಹಾಕಿದಳು. ಹಿಂದಿಯೂ ಬರುವುದಿಲ್ಲ. ಆದರೂ ತಿಳಿಯಿತು. ಅಂಥ ಸುದ್ದಿಗೆ ಭಾಷೆ ಬೇಕಾಗುವುದಿಲ್ಲ.

ಸುಡುವ ಕಡೆ ಸರದಿ ಇತ್ತು. ಊರಿನಲ್ಲಿ ಅಷ್ಟು ಜನ ಸತ್ತಿದ್ದರು. ಮೂರು ವಾರ ಅವಳು ಯಾವುದೋ ತಣ್ಣನೆಯ ಕೋಣೆಯಲ್ಲಿ ಕಾದಳು. ಅಳಿಯ ಆಸ್ಪತ್ರೆಯ ಮಂಚದ ಮೇಲಿಂದಲೇ ಫೋನಿನಲ್ಲಿ ಸಹಿ ಹಾಕಿದ. ಅವನಿಗೆ ಮಾತಾಡುವಷ್ಟು ಉಸಿರಿರಲಿಲ್ಲ. ಸುಟ್ಟರು ಎಂದು ಗೊತ್ತಾದ ದಿನ ನಾನು ಮೈಸೂರಿನ ನಮ್ಮ ಪುರೋಹಿತರಿಗೆ ವಿಡಿಯೋ ಕಾಲ್ ಮಾಡಿದೆ. ಹೆಂಗಸರು ಇದನ್ನು ಮಾಡುವ ಹಾಗಿಲ್ಲ ಎಂದರು. ಹಾಗಾದರೆ ನೀವೇ ವಿಮಾನ ಹತ್ತಿ ಬಂದು ಮಾಡಿ ಎಂದೆ. ಆಮೇಲೆ, "ಒಂದು ಕಲ್ಲು ತಗೊಳ್ಳಿ ತಾಯಿ" ಎಂದರು.

ನಮ್ಮಲ್ಲಿ ಸುಟ್ಟ ಮೇಲೆ ಸ್ಮಶಾನದಿಂದ ಒಂದು ಕಲ್ಲು ತರುತ್ತಾರೆ. ಸತ್ತವರು ಹತ್ತು ದಿನ ಅದರಲ್ಲಿ ಇರುತ್ತಾರೆ ಎಂದು ಲೆಕ್ಕ. ದಿನಾ ಅದಕ್ಕೆ ಎಳ್ಳುನೀರು ಬಿಟ್ಟು, ಅನ್ನದ ಉಂಡೆ ಇಟ್ಟು, ಹತ್ತನೆಯ ದಿನ ನೀರಿಗೆ ಹಾಕಿ ಬರುತ್ತಾರೆ. ನನಗೆ ಸ್ಮಶಾನ ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ಮಗುವನ್ನು ಬಿಟ್ಟು ಹುಡುಕಿಕೊಂಡು ಹೋಗುವ ಹಾಗೂ ಇರಲಿಲ್ಲ. ಹಿತ್ತಲಿಗೆಲ್ಲ ಸಿಮೆಂಟು. ಸುತ್ತ ನೋಡಿದೆ. ಹಿಟ್ಟಿನ ಪಾತ್ರೆಯ ಮೇಲೆ ಇದ್ದ ಕಲ್ಲು ಕಣ್ಣಿಗೆ ಬಿತ್ತು. ಅವಳು ತಾನೇ ಎತ್ತಿ ತಂದದ್ದು, ಅವಳ ಕೈ ಸವರಿದ್ದು, ಇದಕ್ಕಿಂತ ಬೇರೆ ಯಾಕೆ ಎಂದುಕೊಂಡೆ. ತೊಳೆದು, ನಿಂಬೆ ಗಿಡದ ಬುಡದಲ್ಲಿ ಇಟ್ಟೆ.

ಹತ್ತು ದಿನ ಮಾಡಿದೆ. ಪುರೋಹಿತರು ಫೋನಿನಲ್ಲಿ ಮಂತ್ರ ಹೇಳಿದರು, ನಾನು ನೀರು ಬಿಟ್ಟೆ. ಕಾಗೆ ಬರಲಿಲ್ಲ. ಬಂದರಿನ ಕಡೆಯಿಂದ ಒಂದು ದಪ್ಪ ಬಿಳಿ ಕಡಲಹಕ್ಕಿ ಬಂದು ಉಂಡೆಯನ್ನು ಇಡಿಯಾಗಿ ನುಂಗಿ ನನ್ನನ್ನೇ ನೋಡುತ್ತ ನಿಂತಿತು. ಇದು ಆಗುತ್ತದೆಯೇ ಎಂದು ಪುರೋಹಿತರನ್ನು ಕೇಳಿದೆ. ಅದೂ ಪಕ್ಷಿಯೇ ತಾನೇ ಎಂದರು. ಆರು ವರ್ಷದ ಮಗು ದಿನಾ ಒಳಗೆ ಗಾಜಿನ ಬಾಗಿಲಿಗೆ ಮೂಗು ಒತ್ತಿಕೊಂಡು ನಿಂತಿರುತ್ತಿತ್ತು. ಏನು ಮಾಡ್ತಿದೀಯ ಅಜ್ಜಿ ಎಂದು ಕೇಳಿದರೆ ಅಮ್ಮನಿಗೆ ನೀರು ಕೊಡ್ತಿದೀನಿ ಎಂದೆ. ಬೇರೆ ಏನು ಹೇಳಲಿ.

ಹತ್ತನೆಯ ದಿನ ಮಗುವನ್ನು ಬಿಟ್ಟುಹೋಗಲು ಯಾರೂ ಇರಲಿಲ್ಲ. ಕೈ ಹಿಡಿದುಕೊಂಡು ಇಳಿಜಾರು ಇಳಿದು, ಸಮುದ್ರಕ್ಕೆ ಚಾಚಿಕೊಂಡ ಕಲ್ಲಿನ ಕಟ್ಟೆಯ ತನಕ ನಡೆದೆ. ಇಬ್ಬರಿಗೂ ಮಾಸ್ಕು. ಮಗುವನ್ನು ಹಿಂದೆ ನಿಲ್ಲಿಸಿ, ಬೆನ್ನು ತಿರುಗಿಸಿ ನಿಲ್ಲು ಎಂದೆ. ಕಲ್ಲನ್ನು ಎಸೆದೆ. ಅವಳ ಕೈ ಹಿಡಿದು ಮನೆಯ ಕಡೆ ಹೊರಟೆ. ನಮ್ಮಲ್ಲಿ ಹಾಗೆ ಹೊರಟ ಮೇಲೆ ಹಿಂತಿರುಗಿ ನೋಡುವುದಿಲ್ಲ. ಅದನ್ನೇ ಮಗುವಿಗೂ ಹೇಳಿದೆ, ನನಗೆ ಚಿಕ್ಕಂದಿನಲ್ಲಿ ಹೇಳಿದ ಹಾಗೆಯೇ ಹೇಳಿದೆ.

"ತಿರುಗಿ ನೋಡಬಾರದು ಪುಟ್ಟಿ. ನೋಡಿದ್ರೆ ಹೋದವರು ಒಬ್ಬರೇ ಹೋಗಲ್ಲ."

ಹೇಳಿದ್ದನ್ನು ಅಲ್ಲೇ ಮರೆತೆ.

ಅಳಿಯ ಏಳು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಅರ್ಧ ಆಳಾಗಿದ್ದ. ಆಸ್ಪತ್ರೆಯವರು ಬೆರಳಿಗೆ ಕಚ್ಚಿಸುವ ಒಂದು ಮಿಷನ್ನು ಕೊಟ್ಟು ಕಳಿಸಿದ್ದರು, ಬಟ್ಟೆಗೆ ಹಾಕುವ ಕ್ಲಿಪ್ಪಿನ ಹಾಗೆ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುತ್ತದೆ. ದಿನಾ ನೋಡಿಕೊಳ್ಳಿ, ಕಡಮೆಯಾದರೆ ಫೋನ್ ಮಾಡಿ ಎಂದಿದ್ದರು. ಮಗು ಆ ಕೆಲಸವನ್ನು ತಾನು ವಹಿಸಿಕೊಂಡಿತು. ಬೆಳಿಗ್ಗೆ ಎದ್ದ ಕೂಡಲೇ ಅಪ್ಪನ ಬೆರಳಿಗೆ ಕ್ಲಿಪ್ಪು ಹಾಕಿ, ಕೆಂಪು ಅಂಕಿ ಬರುವ ತನಕ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ನಮಗೆಲ್ಲ ಮುದ್ದು ಬಂತು. ಬೇಸಿಗೆಗೆ ಡಾಕ್ಟರು ಇನ್ನು ಬೇಡ ಎಂದರು. ಅಳಿಯ ಕೆಲಸಕ್ಕೆ ಹೋಗತೊಡಗಿದ. ಮಗು ಬಿಡಲಿಲ್ಲ.

ಏಳು ವರ್ಷ ಆಯಿತು, ಎಂಟು ಆಯಿತು. ಅಂಕಿ ತೊಂಬತ್ತೇಳು ಬಂದರೆ ಸ್ಕೂಲಿಗೆ ಹೋಗುತ್ತಾಳೆ. ಕೈ ತಣ್ಣಗಿದ್ದು ತೊಂಬತ್ತಮೂರು ತೋರಿಸಿದರೆ ಅಪ್ಪನ ಕಾಲು ಹಿಡಿದುಕೊಂಡು ಕೂರುತ್ತಾಳೆ. ಅವನು ಕೆಲಸಕ್ಕೆ ತಡವಾಗಿ ಬೈಗುಳ ತಿಂದ ದಿನಗಳಿವೆ. ಸ್ಕೂಲಿನ ಕೌನ್ಸೆಲರ್ ಹತ್ತಿರ ಹೋದೆವು. ಅವಳು ಮಗುವಿನ ಕೈಯಲ್ಲಿ ಬಣ್ಣದ ಚಿತ್ರ ಬರೆಸಿದಳು. ಚಿತ್ರ ಚೆನ್ನಾಗಿತ್ತು. ಬೆಳಿಗ್ಗೆ ಮತ್ತೆ ಕ್ಲಿಪ್ಪು. ಒಂದು ಸಲ ನಾನು ಮಿಷನ್ನನ್ನು ಕಿತ್ತುಕೊಂಡು, ಇದು ದೇವರಲ್ಲ, ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕು ಎಂದೆ. ಅವಳು ವಾಂತಿ ಮಾಡಿಕೊಂಡಳು. ತಿರುಗಿ ಕೊಟ್ಟೆ.

ಇಪ್ಪತ್ತಮೂರರ ಬೇಸಿಗೆಯಲ್ಲಿ ಸ್ಯಾನ್ ಡಿಯಾಗೊಗೆ ಹೋಗಿದ್ದೆವು. ಬೀಗಿತ್ತಿ ಒಬ್ಬಳೇ ಇರುತ್ತಾಳೆ, ಸಮುದ್ರದಿಂದ ಎರಡು ಬೀದಿ ಈಚೆ. ಆಕೆಗೆ ನನ್ನ ಅಡುಗೆ ಖಾರ, ನನಗೆ ಆಕೆಯ ಅಡುಗೆ ಸಪ್ಪೆ. ಚಹಾ ಒಂದರಲ್ಲಿ ಮಾತ್ರ ನಮ್ಮಿಬ್ಬರದು ಒಂದೇ ದಾರಿ, ಗಟ್ಟಿಯಾಗಿರಬೇಕು, ಹಾಲಿರಬೇಕು. ಮೊಮ್ಮಗಳು ಇಬ್ಬರ ನಡುವೆ ಕೂತು ಆ ಕಡೆಯ ಮಾತನ್ನು ಈ ಕಡೆಗೆ ದಾಟಿಸುತ್ತಾಳೆ. ಆವತ್ತು ಬೀಗಿತ್ತಿ ಗೋಡೆಯ ಮೇಲಿದ್ದ ಒಂದು ಫೋಟೋ ಇಳಿಸಿ ತಂದು ತೋರಿಸಿದಳು. ಒಂದು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಬೋರಲು ಹಾಕಿದ ಬೋಗುಣಿಯ ಹಾಗೆ ಒಂದು ಉಬ್ಬು. ಅದು ಕಲ್ಲಿನ ರಾಶಿಯಂತೆ. ಜಲ್ಲಿ ಲಾರಿ ಸುರಿದಷ್ಟಲ್ಲ, ಮೂರು ಮಹಡಿ ಎತ್ತರ. ಐದು ಸಾವಿರ ವರ್ಷ ಹಳೆಯದು. ಅದರೊಳಗೆ ಏನಿದೆ ಎಂದು ಇದುವರೆಗೆ ಯಾರೂ ಅಗೆದು ನೋಡಿಲ್ಲ.

ಒಳಗೆ ಒಬ್ಬಳು ರಾಣಿ ಇದ್ದಾಳಂತೆ. ಅವಳನ್ನು ಮಲಗಿಸಿಲ್ಲ, ನಿಲ್ಲಿಸಿ ಹೂತಿದ್ದಾರೆ. ಕೈಯಲ್ಲಿ ಈಟಿ, ಮುಖ ಬಡಗಣಕ್ಕೆ, ಶತ್ರುಗಳಿದ್ದ ದಿಕ್ಕಿಗೆ. ಗಂಡನ ಹತ್ತಿರ ಒಳ್ಳೆಯ ಗೂಳಿ ಇತ್ತು, ತನ್ನ ಹತ್ತಿರ ಅಂಥದ್ದಿರಲಿಲ್ಲ, ಅದಕ್ಕೆ ಪಕ್ಕದ ರಾಜ್ಯದ ಗೂಳಿಯನ್ನು ಹಿಡಿದು ತರಲು ದಂಡೆತ್ತಿ ಹೋದಳಂತೆ. ಇಷ್ಟನ್ನು ಕೇಳಿ ನನಗೆ ಆ ರಾಣಿಯ ಮೇಲೆ ಸ್ವಲ್ಪ ಗೌರವ ಬಂತು. ಸತ್ತದ್ದು ಹೇಗೆ ಎಂದು ಕೇಳಿದೆ. ಕೆರೆಯಲ್ಲಿ ಸ್ನಾನ ಮಾಡುತ್ತಿದ್ದಾಗ ತಂಗಿಯ ಮಗನೇ ಕವಣೆಯಲ್ಲಿ ಚೀಸಿನ ತುಂಡಿಟ್ಟು ಹಣೆಗೆ ಹೊಡೆದನಂತೆ.

"ಚೀಸಾ? ತಿನ್ನೋ ಚೀಸಾ?" ಎಂದೆ.

"ಹಾರ್ಡ್ ಚೀಸ್, ಅಜ್ಜಿ" ಎಂದಳು ಮೊಮ್ಮಗಳು.

"ಯುದ್ಧಕ್ಕೆಲ್ಲ ಹೋಗಿ ಬಂದೋಳು, ಪನೀರಿಗೆ ಸತ್ತಳಾ?"

ಮೊಮ್ಮಗಳು ಅದನ್ನು ಇಂಗ್ಲಿಷಿಗೆ ದಾಟಿಸುವಾಗಲೇ ನಗತೊಡಗಿದಳು. ಬೀಗಿತ್ತಿ ಚಹಾ ಚೆಲ್ಲಿಕೊಂಡಳು. ಮೂವರೂ ನಕ್ಕೆವು. ಮಗು ಹಾಗೆ ನಕ್ಕದ್ದನ್ನು ನಾನು ಎರಡು ವರ್ಷದಿಂದ ಕಂಡಿರಲಿಲ್ಲ.

ಅಲ್ಲಿಗೇ ನಿಲ್ಲಿಸಬೇಕಿತ್ತು. ಬೀಗಿತ್ತಿ ಮುಂದುವರಿಸಿದಳು. ಗುಡ್ಡ ಹತ್ತುವವರು ಕೆಳಗಿನಿಂದ ಒಂದು ಕಲ್ಲು ತೆಗೆದುಕೊಂಡು ಹೋಗಿ ರಾಣಿಯ ರಾಶಿಗೆ ಹಾಕಿ ಬರಬೇಕು. ಅಲ್ಲಿಂದ ಕಲ್ಲು ಕೆಳಗೆ ತರಬಾರದು. ತಂದವರ ಮನೆಗೆ ಒಳ್ಳೆಯದಾಗುವುದಿಲ್ಲ. ಅಷ್ಟು ಹೇಳಿ ನನ್ನನ್ನು ನೋಡದೆ ಮಗುವನ್ನು ನೋಡಿ ಇನ್ನೇನೋ ಕೇಳಿದಳು. ಮೊಮ್ಮಗಳು ಅದನ್ನು ನನಗೆ ದಾಟಿಸಲಿಲ್ಲ. ಏನಂದ್ರು ಎಂದು ಕೇಳಿದರೆ "ನಥಿಂಗ್" ಎಂದಳು. ಕಲ್ಲು ಎನ್ನುವುದಕ್ಕೂ ಅಮ್ಮ ಎನ್ನುವುದಕ್ಕೂ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ನನಗೆ ಗೊತ್ತಿದೆ. ನನ್ನ ಮೈ ಉರಿಯಿತು. ಅಷ್ಟು ವಯಸ್ಸಾದ ಹೆಂಗಸು, ತಾಯಿ ಸತ್ತ ಮಗುವಿನ ತಲೆಗೆ ಇಂಥದ್ದನ್ನು ತುಂಬುತ್ತಾಳಲ್ಲ ಎಂದುಕೊಂಡೆ. ಮಗುವಿನ ಹೆದರಿಕೆಗೆಲ್ಲ ಇವಳೇ ಮೂಲ ಎಂದು ಅಂದೇ ತೀರ್ಮಾನ ಮಾಡಿದೆ.

ಮನೆಗೆ ಹಿಂತಿರುಗಿದ ಮೇಲೆ ಅಳಿಯ ಅಡುಗೆಮನೆಗೆ ಬಂದು ನಿಂತ. ಅವನಿಗೆ ಕನ್ನಡದಲ್ಲಿ ಇಪ್ಪತ್ತು ಮಾತು ಬರಬಹುದು. ತನಗೆ ತಾಯಿ ಹೇಳುವ ಶಾಪದಲ್ಲಿ ನಂಬಿಕೆಯಿಲ್ಲ, ಆದರೆ ಕಲ್ಲನ್ನು ತೆಗೆದುಕೊಂಡು ಹೋಗಿ ವಾಪಸು ಇಟ್ಟರೆ ಮಗು ಆ ಕ್ಲಿಪ್ಪನ್ನು ಬಿಡಬಹುದು, ಮುಂದಿನ ರಜೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಕೈಸನ್ನೆ ಸೇರಿಸಿ ತಿಳಿಸಿದ. ಆಮೇಲೆ, "ಅಮ್ಮ, ಕಲ್ಲು ಎಲ್ಲಿ?" ಎಂದ.

ಅವನ ಮುಖ ನೋಡಿದೆ. ಹೆಂಡತಿ ಸತ್ತಾಗ ಪಕ್ಕದಲ್ಲಿರಲಿಲ್ಲ, ಸುಟ್ಟಾಗ ಇರಲಿಲ್ಲ. ಕಡಲಿಗೆ ಬಿಡಲು ಒಂದು ಡಬ್ಬಿ ಬೂದಿ ಸಿಕ್ಕಿತು, ಅಷ್ಟೇ. ಈಗ ಮಗಳಿಗೋಸ್ಕರ ಮಾಡಬಹುದಾದ ಒಂದು ಕೆಲಸ ಸಿಕ್ಕಿದೆ ಎಂದು ಬಂದು ನಿಂತಿದ್ದಾನೆ. ನೋಡುತ್ತೇನೆ ಎಂದೆ.

ಎರಡು ತಿಂಗಳು ನೋಡುತ್ತೇನೆ ಎನ್ನುತ್ತಲೇ ಇದ್ದೆ. ಮುಂದಿನ ಸಲ ಸ್ಯಾನ್ ಡಿಯಾಗೊಗೆ ಹೋದಾಗ, ಅಪ್ಪ ಮಗಳು ಸಮುದ್ರಕ್ಕೆ ಹೋದ ಹೊತ್ತು ನೋಡಿ, ಬೀಗಿತ್ತಿಯ ಎದುರು ಕೂತೆ. ಮೊಮ್ಮಗಳನ್ನು ಮಧ್ಯೆ ಕೂರಿಸಿಕೊಂಡು ಹೇಳುವ ಮಾತಲ್ಲ ಅದು. ಫೋನಿಗೆ ಕನ್ನಡ ಹೇಳಿದರೆ ಅದೇ ಇಂಗ್ಲಿಷಿನಲ್ಲಿ ಹೇಳುತ್ತದೆ, ಮಗಳು ಇದ್ದಾಗ ಕಲಿಸಿದ್ದಳು. ಫೋನನ್ನು ಬಿಸ್ಕತ್ತಿನ ತಟ್ಟೆಗೆ ಒರಗಿಸಿ ಇಟ್ಟು ಎಲ್ಲ ಹೇಳಿದೆ. ಸ್ಮಶಾನದ ಕಲ್ಲು ಸಿಗಲಿಲ್ಲ, ಕಿಟಕಿಯದನ್ನು ತೆಗೆದುಕೊಂಡೆ, ನೀರು ಬಿಟ್ಟೆ, ಸಮುದ್ರಕ್ಕೆ ಹಾಕಿದೆ.

ಆಕೆ ಚಹಾದ ಕಪ್ಪು ಕೆಳಗಿಟ್ಟಳು. ಆಮೇಲೆ ಫೋನಿನ ಕಡೆ ಬಾಗಿ ಏನೋ ಕೇಳಿದಳು. ಫೋನು ರೇಡಿಯೋದಲ್ಲಿ ವಾರ್ತೆ ಓದುವವಳ ದನಿಯಲ್ಲಿ, "ನಿಮ್ಮ ಮಗಳು ಆ ಕಲ್ಲಿನ ಒಳಗೆ ಇದ್ದಳೇ?" ಎಂದಿತು.

"ಹತ್ತು ದಿನ ಇದ್ದಳು. ಆಮೇಲೆ ಹೋಗಬೇಕು" ಎಂದೆ.

ಆಕೆ ಎದ್ದು ಕೋಟು ಹಾಕಿಕೊಂಡಳು. ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾಳೆ ಎಂದುಕೊಂಡೆ. ಬಾ ಎಂದು ಕೈ ಮಾಡಿ, ತನ್ನ ಗಾಲಿಯ ವಾಕರನ್ನು ತಳ್ಳಿಕೊಂಡು ಹೊರಟಳು. ಅಪ್ಪ ಮಗಳು ಹೋದ ದಿಕ್ಕು ಬಿಟ್ಟು ಬೇರೆ ಬೀದಿಯಲ್ಲಿ ಕಡಲಿಗೆ ಇಳಿದೆವು. ಅಲ್ಲಿ ಮರಳಿಗಿಂತ ಉರುಟು ಕಲ್ಲೇ ಜಾಸ್ತಿ. ನಾನು ಬಗ್ಗಿ ಬಗ್ಗಿ ಎತ್ತಿ ಕೊಟ್ಟೆ, ಆಕೆ ಹುಬ್ಬು ಗಂಟಿಕ್ಕಿ ಒಂದೊಂದನ್ನೇ ಎಸೆದಳು. ಕರಿ ಹೆಚ್ಚಾಯಿತು, ದುಂಡಗಾಯಿತು, ಇದು ಆಲೂಗಡ್ಡೆಯ ಹಾಗಿದೆ. ಬೆನ್ನು ಮುರಿಯುವ ಹೊತ್ತಿಗೆ ಒಂದು ಸಿಕ್ಕಿತು. ಬೂದು ಬಣ್ಣ, ಒಂದು ಪಕ್ಕ ಬಿಳಿ ಗೆರೆಯೂ ಇತ್ತು, ಅದಕ್ಕಿಂತ ಸ್ವಲ್ಪ ದಪ್ಪ. ಆಕೆ ಅದಕ್ಕೆ ತುಟಿ ತಾಗಿಸಿ ನನ್ನ ಸೀರೆಯ ಸೆರಗಿನಲ್ಲಿ ಹಾಕಿದಳು. ಶಾಪ ಗೀಪ ಎಂದು ಎದೆ ಬಡಿದುಕೊಂಡವಳೇ ಈ ಮೋಸಕ್ಕೆ ಮೊದಲು ಹೊರಟದ್ದು. ಆ ಒಂದು ಮಧ್ಯಾಹ್ನ ಮಾತ್ರ ಆಕೆ ನನಗೆ ಒಡಹುಟ್ಟಿದವಳ ಹಾಗೆ ಕಂಡಳು.

ಮನೆಗೆ ತಂದು ಅದಕ್ಕೆ ದೋಸೆ ಹಿಟ್ಟು ಸವರಿ, ಒಣಗಿಸಿ, ಅರ್ಧ ಉಜ್ಜಿ ತೊಳೆದೆ. ಹಳೆಯ ಪಾತ್ರೆಗಳ ಹಿಂದೆ ಸಿಕ್ಕಿತು ಎಂದು ಮೇಜಿನ ಮೇಲಿಟ್ಟೆ. ಅಳಿಯ ಎತ್ತಿ ನೋಡಿ ಕಣ್ಣೊರೆಸಿಕೊಂಡ. ಮೊಮ್ಮಗಳು ಅದನ್ನು ಕೈಯಲ್ಲಿ ಹಿಡಿದು, ಗೆರೆ ಇದ್ದ ಪಕ್ಕಕ್ಕೆ ತಿರುಗಿಸಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಓಕೆ" ಎಂದಳು. ನಂಬಿದಳು ಎಂದು ನಾನು ಹಗುರವಾದೆ.

ಇಪ್ಪತ್ತನಾಲ್ಕರ ಬೇಸಿಗೆ ರಜೆಯಲ್ಲಿ ಅಪ್ಪ, ಮಗಳು, ಬೀಗಿತ್ತಿ ಮೂವರೂ ಐರ್ಲೆಂಡಿಗೆ ಹೋದರು. ನನ್ನ ಮಂಡಿ ಅಷ್ಟು ದೂರ ಕೂರಲು ಬಿಡುವುದಿಲ್ಲ, ನಾನು ಮನೆಯಲ್ಲಿ ಉಳಿದೆ. ಬೀಗಿತ್ತಿ ಗುಡ್ಡದ ಬುಡದಲ್ಲಿ ಕಾರಿನಲ್ಲೇ ಕೂತಳಂತೆ. ಅಪ್ಪ ಮಗಳು ಹತ್ತಿದರು. ಮೇಲಿಂದ ಅಳಿಯ ವಿಡಿಯೋ ಕಳಿಸಿದ. ಬರೀ ಗಾಳಿಯ ಸದ್ದು. ಹಳದಿ ರೇನ್‌ಕೋಟಿನಲ್ಲಿ ಮಗು ಆ ರಾಶಿಯ ಬುಡಕ್ಕೆ ಹೋಗಿ ಕಲ್ಲು ಇಟ್ಟು ಬಂದಿತು, ಅಷ್ಟೇ. ಆ ದೊಡ್ಡ ರಾಶಿಯ ಎದುರು ಅದು ಎಲ್ಲಿ ಹೋಯಿತೆಂದೇ ಕಾಣಲಿಲ್ಲ. ಮಾರನೆಯ ದಿನ ಫೋನ್ ಮಾಡಿ ಅಳಿಯ ಇನ್ನೊಂದು ಮಾತು ಹೇಳಿದ. ಇಳಿಯುವಾಗ ಫೋಟೋ ತೆಗೆಯುತ್ತೇನೆ, ಒಂದು ಸಲ ಹಿಂದಕ್ಕೆ ತಿರುಗು ಎಂದು ಎಷ್ಟು ಕರೆದರೂ ಅವಳು ತಿರುಗಲಿಲ್ಲವಂತೆ. ಕುತ್ತಿಗೆ ಬಿಗಿಹಿಡಿದುಕೊಂಡು ಬುಡದ ತನಕ ಇಳಿದಳಂತೆ. ಹಟಮಾರಿ, ಅಮ್ಮನ ಹಾಗೆ ಎಂದು ನಕ್ಕ. ನಾನೂ ನಕ್ಕೆ. ನನ್ನ ಬುದ್ಧಿಗೆ ಅಲ್ಲೂ ಹೊಳೆಯಲಿಲ್ಲ.

ಕೆಲಸ ಮುಗಿಯಿತು ಎಂದುಕೊಂಡು ನಾನು, ಅಪ್ಪ ಜೊತೆಗೇ ಇರುತ್ತಾನೆಂದು ಮಗು ಡ್ರಾಯರಿನಲ್ಲೇ ಬಿಟ್ಟುಹೋಗಿದ್ದ ಮಿಷನ್ನಿನ ಬ್ಯಾಟರಿ ತೆಗೆದು ಕಸಕ್ಕೆ ಹಾಕಿದೆ. ಮಿಷನ್ನನ್ನು ಬೇಳೆ ಡಬ್ಬಿಗಳ ಹಿಂದೆ, ಮೇಲಿನ ಹಲಗೆಯಲ್ಲಿ ಇಟ್ಟೆ.

ಅವರು ಬಂದ ಮಾರನೆಯ ದಿನವೇ ಅಳಿಯನಿಗೆ ಕೆಲಸ. ಆವತ್ತು ಎಂದಿಗಿಂತ ಬೇಗ ಕರೆಸಿದ್ದರಿಂದ ಬೆಳಕು ಹರಿಯುವ ಮೊದಲೇ ಹೋಗಿದ್ದ. ಮೊಮ್ಮಗಳು ಎದ್ದವಳೇ ಅಡುಗೆಮನೆಯ ಡ್ರಾಯರ್ ಎಳೆದಳು. ಇನ್ನೊಂದು ಎಳೆದಳು. ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತ, ಇನ್ನು ಅದು ಬೇಡ ಕಣೇ, ಕಲ್ಲು ಇಟ್ಟು ಬಂದ್ಯಲ್ಲ ಎಂದೆ. ಅವಳು ಕುರ್ಚಿ ಎಳೆದು ಹತ್ತಿ, ಹಲಗೆಗಳನ್ನೆಲ್ಲ ತಡಕಿ, ಹುಡುಕಿ ತೆಗೆದಳು. ಒತ್ತಿದಳು. ಹತ್ತಲಿಲ್ಲ. ಮತ್ತೆ ಒತ್ತಿದಳು. ಅಪ್ಪ ಹೋಗಿ ಆಗಿದೆ, ನಂಬರ್ ನೋಡಿಲ್ಲ, ನಂಬರ್ ನೋಡಿಲ್ಲ ಎಂದು ನಡುಗತೊಡಗಿದಳು. ಹತ್ತು ವರ್ಷದ ಹುಡುಗಿ. ಹಿಡಿದುಕೊಳ್ಳಲು ಹೋದರೆ ಗೋಡೆಗೆ ಸರಿದಳು. ಒಲೆಯ ಮೇಲೆ ಸಾಸಿವೆ ಸೀದು ಹೋಯಿತು.

ನಾನು ಒಲೆ ಆರಿಸಿ ನೆಲದ ಮೇಲೆ ಅವಳೆದುರು ಕೂತೆ. ಈ ವಯಸ್ಸಿನಲ್ಲಿ ಕೂತರೆ ಏಳುವುದು ಕಷ್ಟ. ರಾಣಿಯ ಕಲ್ಲು ರಾಣಿಗೆ ಹೋಯಿತಲ್ಲ, ಇನ್ನೇನು ಹೆದರಿಕೆ ಎಂದು ಕೇಳಿದೆ. ಈಚೆಗೆ ಅವಳು ನನಗೆ ಉತ್ತರ ಕೊಡುವುದು ಹೆಚ್ಚಾಗಿ ಇಂಗ್ಲಿಷಿನಲ್ಲೇ. ಆವತ್ತು ಕನ್ನಡದಲ್ಲಿ ಹೇಳಿದಳು.

"ಅದು ಆ ಕಲ್ಲಲ್ಲ, ಅಜ್ಜಿ. ಅಮ್ಮನ ಕಲ್ಲು ನೀನು ಬಿಸಾಕಿದೆ. ನಾನು ನೋಡಿದೆ."

"ಯಾವಾಗ ನೋಡಿದೆ?"

"ತಿರುಗಬೇಡ ಅಂದೆ. ನಾನು ತಿರುಗಿದೆ."

ಮೊದಲು ನನಗೆ ಅರ್ಥವಾಗಲಿಲ್ಲ. ನಂಬಿಸಲು ಹೊರಟ ಕಲ್ಲು ಸುಳ್ಳೆಂದು ಅವಳಿಗೆ ಗೊತ್ತಿತ್ತು, ಅಷ್ಟೇ ಎಂದುಕೊಂಡೆ. ಮತ್ತೆ ಯಾಕೆ ಅಷ್ಟು ದೂರ ಹೊತ್ತುಕೊಂಡು ಹೋದೆ ಎಂದು ಕೇಳಿದೆ. ಅಪ್ಪನಿಗೆ ಹೋಗಬೇಕಿತ್ತು, ಗ್ರಾಂಡ್‌ಮಾಗೂ ಹೋಗಬೇಕಿತ್ತು, ನೀನು ಹಿಟ್ಟೆಲ್ಲ ಸವರಿದ್ದೆ ಎಂದಳು. ಆಮೇಲೆ ಉಳಿದದ್ದನ್ನು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಅಷ್ಟು ಇಂಗ್ಲಿಷ್ ನನಗೆ ಈಗ ಬರುತ್ತದೆ. ರಾಣಿ ಏನೂ ಮಾಡುವುದಿಲ್ಲ, ಅವಳು ಕತೆ. ಆದರೆ ತಾನು ತಿರುಗಿ ನೋಡಿದ್ದರಿಂದ ಅಮ್ಮ ಒಬ್ಬಳೇ ಹೋಗಿಲ್ಲ. ಇನ್ನೊಬ್ಬರನ್ನು ಕರೆದುಕೊಂಡು ಹೋಗಲು ಕಾಯುತ್ತಿದ್ದಾಳೆ. ಅದು ಅಪ್ಪನೇ. ಅಪ್ಪನಿಗಾಗಲೇ ಅರ್ಧ ಉಸಿರು ಹೋಗಿತ್ತಲ್ಲ.

ಆಗ ನೆನಪಾಯಿತು ಕಡಲಕಟ್ಟೆಯ ಮಾತು. ಬೀಗಿತ್ತಿಯನ್ನು ನಾನು ಎಷ್ಟು ಬೈದುಕೊಂಡಿದ್ದೆ. ಆಕೆಯ ಕತೆ ಕೇಳಿ ಮಗು ನಕ್ಕಿತ್ತು. ನನ್ನ ಒಂದು ಸಾಲನ್ನು ಆರು ವರ್ಷದಲ್ಲಿ ನುಂಗಿ ಹತ್ತು ವರ್ಷದ ತನಕ ಹೊಟ್ಟೆಯಲ್ಲಿಟ್ಟುಕೊಂಡಿತ್ತು. ತನ್ನ ತಾಯಿಯನ್ನೇ ಅಪ್ಪನನ್ನು ಕೊಲ್ಲಲು ಕಾದು ನಿಂತವಳು ಎಂದು ತಿಳಿದುಕೊಂಡು ದಿನಾ ಎದ್ದಿದೆ, ಸ್ಕೂಲಿಗೆ ಹೋಗಿದೆ, ನಾನು ಕಲಸಿ ಕೊಟ್ಟ ಮೊಸರನ್ನ ತಿಂದಿದೆ.

ಅದು ಸುಳ್ಳು ಎಂದು ಹೇಳಿದೆ. ನಮ್ಮ ಹಿರಿಯರು ಸುಮ್ಮನೆ ಹೇಳುತ್ತಿದ್ದದ್ದು, ನಾನೂ ಯೋಚನೆ ಮಾಡದೆ ಹೇಳಿದೆ, ತಪ್ಪು ನನ್ನದು, ಅಮ್ಮ ಅಂಥವಳಲ್ಲ ಎಂದೆ. ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು.

"ಸ್ಟೋನ್ ವಿಷಯಾನೂ ಸುಳ್ಳು ಹೇಳಿದೆ ಅಲ್ವಾ" ಎಂದಳು.

ಒಂದು ಸಲ ಸುಳ್ಳು ಹೇಳಿದ ಬಾಯಿ, ಇನ್ನು ನಿಜ ಹೇಳಿದರೂ ಅವಳಿಗೆ ಹಿಟ್ಟು ಸವರಿದ ಕಲ್ಲೇ. ಹಗಲೆಲ್ಲ ಅವಳು ಕಿಟಕಿ ಬಿಡಲಿಲ್ಲ. ಬ್ಯಾಟರಿ ತರುತ್ತೇನೆ ಎಂದರೆ ನನ್ನನ್ನು ಬಾಗಿಲು ದಾಟಲು ಬಿಡಲಿಲ್ಲ, ಹೋದವರು ವಾಪಸು ಬರುತ್ತಾರೋ ಇಲ್ಲವೋ ಎಂದು ಸೆರಗು ಹಿಡಿದುಕೊಂಡೇ ಇದ್ದಳು. ಸಂಜೆ ಅಪ್ಪನ ಕಾರು ಬಂದ ಮೇಲೆ ಎರಡು ತುತ್ತು ತಿಂದಳು. ಅಳಿಯನಿಗೆ ಫೋನು ಮುಂದಿಟ್ಟು ನಾನೇ ಎಲ್ಲವನ್ನೂ ಹೇಳಿದೆ, ಕಲ್ಲು, ಕಡಲು, ಬೀಗಿತ್ತಿ, ತಿರುಗಿ ನೋಡಬಾರದೆಂದ ಮಾತು. ಅವನು ಬೈಯಲಿಲ್ಲ. ಊಟದ ತಟ್ಟೆಯನ್ನು ತಾನೇ ತೊಳೆದಿಟ್ಟು ಹೋದ. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ಇಬ್ಬರೂ ಏಳುವ ಮೊದಲು ಚಪ್ಪಲಿ ಮೆಟ್ಟಿಕೊಂಡು ಇಳಿಜಾರು ಇಳಿದೆ. ಔಷಧಿ ಅಂಗಡಿಯವನು ಬಾಗಿಲು ತೆಗೆಯುವ ಹೊತ್ತಿಗೆ ನಾನು ಎದುರಿಗೆ ನಿಂತಿದ್ದೆ. ಎರಡು ಸಣ್ಣ ಬ್ಯಾಟರಿ ಕೊಂಡು, ಏರಿನಲ್ಲಿ ಮೂರು ಕಡೆ ಕೂತು, ಅಳಿಯ ಕೆಲಸಕ್ಕೆ ಹೊರಡುವ ಮೊದಲು ಮನೆ ಸೇರಿದೆ. ಮಿಷನ್ನಿಗೆ ಹಾಕಿ ಮೊದಲು ನನ್ನ ಬೆರಳಿಗೆ ಕಚ್ಚಿಸಿ ನೋಡಿದೆ. ತೊಂಬತ್ತಾರು ತೋರಿಸಿತು. ಆಮೇಲೆ ಅವಳ ಕೈಗೆ ಕೊಟ್ಟೆ.